ಬಿರುಕಿಗೆ ಯಾರು ಕಾರಣ?

ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೇನೆಗೆ ಒಂದು ವಿಚಿತ್ರ ತಲೆನೋವಿತ್ತು. ಕುದುರೆ ಲಾಯಗಳಲ್ಲಿಟ್ಟ ತೋಟೆಗಳ ಹಿತ್ತಾಳೆ ಕವಚ ಮಳೆಗಾಲದಲ್ಲಿ ತಾನಾಗಿಯೇ ಸೀಳುತ್ತಿತ್ತು. ಯಾರೂ ಹಾರಿಸಿರಲಿಲ್ಲ, ಬೀಳಿಸಿರಲಿಲ್ಲ. ಅದಕ್ಕೆ 'ಋತುವಿನ ಬಿರುಕು' ಎಂಬರ್ಥದ ಹೆಸರು ಬಿತ್ತು. ತಪ್ಪೆಲ್ಲ ಮಳೆಯ ತಲೆಗೆ ಬಂತು.

1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ಇದನ್ನು ಬಿಡಿಸಿ ಹೇಳಿದರು. ಕುದುರೆಗಳ ಉಚ್ಚೆಯಿಂದೇಳುವ ಅಮೋನಿಯಾ, ತೇವದ ಗಾಳಿಯೊಂದಿಗೆ ಸೇರಿ ಹಿತ್ತಾಳೆಯನ್ನು ಸೀಳುತ್ತದೆ. ಆದರೆ ಅಮೋನಿಯಾ ಒಂದೇ ಸಾಲದು. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವಿನ ಆ ಲೋಹವನ್ನು ತಣ್ಣಗಿರುವಾಗಲೇ ಎಳೆದೆಳೆದು ಕವಚ ಮಾಡುತ್ತಾರೆ. ಆ ಎಳೆತದ ಬಿಗಿತ ಒಳಗೇ ಉಳಿದುಬಿಡುತ್ತದೆ, ಹೊರಗೆ ಮಾತ್ರ ಹೊಳಪು. ಹದವಾಗಿ ಕಾಸಿದರೆ ಬಿಗಿತ ಸಡಿಲಗೊಳ್ಳುತ್ತದೆ, ಆಕಾರ ಕೆಡುವುದಿಲ್ಲ. ಬಿಂದಿಗೆ ಬಡಿಯುವವರು ನಡುನಡುವೆ ಲೋಹವನ್ನು ಬೆಂಕಿಗಿಡುವುದೂ ಅದು ಬಡಿತಕ್ಕೆ ಒಡೆಯದಿರಲೆಂದೇ. ಕಾಸುವುದೂ ಅಳತೆ ಮೀರಬಾರದು: ತೋಟೆಯ ಕುತ್ತಿಗೆ ಮೆದುವಾಗಬೇಕು, ಬುಡ ಗಟ್ಟಿಯಾಗಿಯೇ ಇರಬೇಕು. ಬುಡ ಮೆತ್ತಗಾದರೆ ಹಾರಿಸುವವನಿಗೇ ಅಪಾಯ.

ನನ್ನನ್ನು ಕಾಡುವುದು 'ಕಾರಣ' ಎಂಬ ಮಾತು. ಜಗಳೂರಿನಂಥ ಬರದ ತಾಲ್ಲೂಕಿನಲ್ಲಿ ರೈತನೊಬ್ಬ ಜೀವ ಕಳೆದುಕೊಂಡರೆ ನಾವು ಮೊದಲು ಕೇಳುವುದು ಒಂದೇ ಕಾರಣ. ಮಳೆಯೋ, ಸಾಲವೋ, ಕುಡಿತವೋ? ರೈತರ ಆತ್ಮಹತ್ಯೆ ಕುರಿತು 2002ರಲ್ಲಿ ವರದಿ ಕೊಟ್ಟ ಡಾ. ಜಿ.ಕೆ. ವೀರೇಶ್ ಸಮಿತಿಯೂ ಕುಡಿತ, ಕುಟುಂಬ ಕಲಹಗಳನ್ನು ಎತ್ತಿ ತೋರಿಸಿತ್ತು. ಅವು ಸುಳ್ಳಲ್ಲ. ಲಾಯದ ಅಮೋನಿಯಾವೂ ಸುಳ್ಳಲ್ಲವಲ್ಲ! ಮಳೆಯೊಂದೇ ಕಾರಣವಾಗಿದ್ದರೆ ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ, ಸೂಳೆಕೆರೆಯಿರುವ ಚನ್ನಗಿರಿಯಲ್ಲಿ, ನ್ಯಾಮತಿಯಲ್ಲಿ ಯಾರಿಗೂ ನಿದ್ದೆಗೆಡುವ ಪ್ರಮೇಯವೇ ಬರಬಾರದಿತ್ತು. ಅಡಿಕೆ ತೋಟದ ಕೊಳವೆಬಾವಿಗೂ ಸಾಲವೇ ಮಾಡಬೇಕು.

ಎರಡೂ ಬೇಕೆಂದಮೇಲೆ ಹೊಣೆಯನ್ನು ಸಮಪಾಲು ಹಂಚಿದರಾಯಿತೇ? ನಾನು ಒಪ್ಪುವುದಿಲ್ಲ. ಅಮೋನಿಯಾ ಯಾವ ಲಾಯದಿಂದ ಬರುತ್ತದೋ ಮೊದಲೇ ಹೇಳಲಾಗದು. ಬಿಗಿತ ಮಾತ್ರ ಕಾರ್ಖಾನೆಯಲ್ಲೇ ಹುಟ್ಟಿದ್ದು, ಅಲ್ಲೇ ಕಾಸಿ ಕಳೆಯಬಹುದಾದದ್ದು. ಮುಂಚೆಯೇ ಸಡಿಲಿಸಬಲ್ಲವರು ಸಡಿಲಿಸಲಿಲ್ಲವೆಂದರೆ ಹೊಣೆ ಅವರ ಮೇಲೆ ಹೆಚ್ಚು. ಬೆಳೆಗೆ ಬೆಲೆ, ಸಾಲಕ್ಕೆ ಗಡುವು, ಕೆರೆಗೆ ನೀರು ತೀರ್ಮಾನಿಸುವವರ ಮಾತು ಇದು.

ಆದರೂ ಹೋಲಿಕೆ ಒಂದು ಕಡೆ ಕುಂಟುತ್ತದೆ. ಹಿತ್ತಾಳೆ ಯಾವುದನ್ನೂ ಆರಿಸಿಕೊಳ್ಳುವುದಿಲ್ಲ. ಸತ್ತವನನ್ನು ಬರೀ ಬಿಗಿತದ ಮೊತ್ತವೆಂದು ಲೆಕ್ಕ ಹಾಕಿದರೆ, ಅದೇ ಸಾಲ, ಅದೇ ಬರದಲ್ಲಿ ಬೆಳಗ್ಗೆ ಎದ್ದು ಎಮ್ಮೆಗೆ ಹುಲ್ಲು ಹಾಕುತ್ತಿರುವ ಅವನ ಹೆಂಡತಿಯ ಬಗ್ಗೆ ಏನು ಹೇಳುವುದು?