ಎಣ್ಣೆಯ ಹಿಡಿತ, ಕರ್ಪೂರದ ಹಟ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಕೋಗಿಲಿನ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದೆ. ಬೆಳಗಿನ ಚಳಿ 15 ಡಿಗ್ರಿಯ ಆಸುಪಾಸು. ಈ ಎಣ್ಣೆ ಕರಗಲು ಸುಮಾರು 24 ಡಿಗ್ರಿ ಬೇಕು. ಅದೇ ಅಡುಗೆಮನೆಯ ಕಡಲೆಕಾಯಿ ಎಣ್ಣೆಗೆ ಚಳಿ ತಾಗಿದ ಗುರುತೇ ಇಲ್ಲ. ಬಾಟಲಿಯನ್ನು ಬಿಸಿನೀರಿನ ಚೊಂಬಿನಲ್ಲಿಟ್ಟು ಸುಮ್ಮನೆ ನೋಡುತ್ತಾ ನಿಲ್ಲಿ. ಮೊದಲು ಬಾಟಲಿಗೆ ಅಂಟಿದ್ದ ಪದರ ತಿಳಿಯಾಗುತ್ತದೆ, ಆಮೇಲೆ ನಡುವಿನ ಬಿಳಿ ಗಡ್ಡೆ ಸಡಿಲಗೊಂಡು ತಳಕ್ಕೆ ಇಳಿಯುತ್ತದೆ.

ಇಲ್ಲಿ ಮುರಿದದ್ದು ಏನೂ ಇಲ್ಲ. ಅಣುವಿನೊಳಗೆ ಇಂಗಾಲವನ್ನು ಇಂಗಾಲಕ್ಕೆ ಬಿಗಿದ ಬಂಧ ಇದ್ದ ಹಾಗೇ ಇದೆ. ಸಡಿಲವಾದದ್ದು ಅಣು ಅಣುಗಳ ನಡುವಿನ ಸೆಳೆತ ಮಾತ್ರ. ಅದನ್ನು ಬಿಡಿಸಲು ಒಂದು ಚೊಂಬು ಬಿಸಿನೀರು ಸಾಕು. ನಾಳೆ ಮತ್ತೆ ಗಟ್ಟಿ, ಮತ್ತೆ ತೆಳು. ಎಣ್ಣೆಗೆ ಯಾವ ಲುಕ್ಸಾನೂ ಇಲ್ಲ.

ಹಾಗಾದರೆ ಕರಗುವ ಬಿಂದು ಹೇಳುವುದು ಸೆಳೆತದ ಬಲವನ್ನೇ? ಅಷ್ಟೇ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಎಣ್ಣೆ, ಕೊಬ್ಬುಗಳಲ್ಲಿರುವ ಸ್ಟಿಯರಿಕ್ ಆಮ್ಲ, ಒಲಿಯಿಕ್ ಆಮ್ಲ ಎರಡರಲ್ಲೂ ಇಂಗಾಲದ ಪರಮಾಣುಗಳು 18. ಮೊದಲನೆಯದು ಕರಗುವುದು 69 ಡಿಗ್ರಿಯಲ್ಲಿ, ಎರಡನೆಯದು 13ರಲ್ಲಿ. ವ್ಯತ್ಯಾಸ ಒಂದೇ ಒಂದು ಜೋಡಿಬಂಧ; ಅದರಿಂದ ಒಲಿಯಿಕ್ ಆಮ್ಲದ ಇಂಗಾಲದ ಸರಪಳಿ ನಡುವೆ ಸೊಟ್ಟಗಾಗಿದೆ. ನೇರ ಕೋಲುಗಳ ಸೌದೆ ಹೊರೆ ಬಿಗಿಯಾಗಿ ಕೂರುತ್ತದೆ, ಸೊಟ್ಟ ಕೊಂಬೆ ಸೇರಿದರೆ ಸಂದು ಬೀಳುತ್ತದೆ. ಕಡಲೆಕಾಯಿ ಎಣ್ಣೆಯಲ್ಲಿ ಇಂಥ ಸೊಟ್ಟ ಸರಪಳಿಗಳೇ ಹೆಚ್ಚು. ಕೊಬ್ಬರಿ ಎಣ್ಣೆಯವು ಬಹುಪಾಲು ನೇರ, ಆದರೆ ಗಿಡ್ಡ. ಹಾಗಾಗಿ ಚಳಿಗೆ ಗಟ್ಟಿಯಾದರೂ ಬಿಸಿಲು ಏರಿದೊಡನೆ ಸೋಲುತ್ತವೆ.

ನೀರಿನ ದಾರಿಯೇ ಬೇರೆ. ಅದಕ್ಕಿಂತ ಭಾರವಾದ ಹೈಡ್ರೋಜನ್ ಸಲ್ಫೈಡ್ ಮೈನಸ್ 85 ಡಿಗ್ರಿಗೇ ಕರಗಿಬಿಡುತ್ತದೆ. ನೀರು ಸೊನ್ನೆಯವರೆಗೆ ತಡೆಯುತ್ತದೆ. ಹೈಡ್ರೋಜನ್ ಬಂಧದ ಬಲ ಅದು. ಮಂಜುಗಡ್ಡೆಯಲ್ಲಿ ಒಂದೊಂದು ಅಣುವೂ ನಾಲ್ಕು ನೆರೆಯವನ್ನು ಹಿಡಿದು, ನಡುವೆ ಜಾಗ ಬಿಟ್ಟು ನಿಲ್ಲುತ್ತದೆ. ಅದಕ್ಕೇ ತೇಲುತ್ತದೆ. ಎಣ್ಣೆಯ ಗಡ್ಡೆಗೆ ಆ ಭಾಗ್ಯವಿಲ್ಲ, ಕರಗಿದ ಎಣ್ಣೆಯಲ್ಲಿ ಮುಳುಗುತ್ತದೆ.

ನನ್ನನ್ನು ತುಂಬಾ ಹೊತ್ತು ಹಿಡಿದಿಡುವುದು ದೇವರ ಮುಂದಿನ ಕರ್ಪೂರ. ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದಿದ್ದರೆ ತಾನಾಗಿಯೇ ಆವಿಯಾಗಿ ಸವೆಯುತ್ತದೆ. ಅಂದರೆ ಅಣುಗಳ ಪರಸ್ಪರ ಹಿಡಿತ ಬಿಗಿಯಲ್ಲ. ಆದರೂ ಕರಗಿಸಲು 175 ಡಿಗ್ರಿಯಾದರೂ ಬೇಕು. ಅದರಷ್ಟೇ, ಹತ್ತು ಇಂಗಾಲಗಳಿರುವ ಡೆಕೇನ್ ಎಂಬ ನೇರ ಸರಪಳಿ ಮೈನಸ್ 30ರಲ್ಲೇ ದ್ರವ! ಕರ್ಪೂರದ ಅಣು ಗುಂಡಗಿದೆ. ಗಟ್ಟಿಯಾಗಿರುವಾಗಲೇ ನಿಂತಲ್ಲೇ ಗಿರಗಿರನೆ ತಿರುಗುತ್ತಿರುತ್ತದೆ. ಅಷ್ಟು ಸ್ವಾತಂತ್ರ್ಯ ಮೊದಲೇ ಇರುವಾಗ ಕರಗಿ ಹೊಸದಾಗಿ ಗಳಿಸುವುದು ಕಡಿಮೆ. ಹಿಡಿತ ಸಡಿಲವಿದ್ದೂ ಅದು ಘನವಾಗಿ ಉಳಿಯುವುದು ಇದರಿಂದ. ಬಲವೊಂದನ್ನೇ ಅಳೆಯುವವರಿಗೆ ಇದು ಒಗಟಾಗಿಯೇ ಉಳಿದೀತು.

ಅಣುವಿನ ಆಕಾರದ ಇನ್ನೊಂದು ಆಟ ಬಯಲಾದದ್ದು ಇಲ್ಲೇ ಹತ್ತಿರದಲ್ಲಿ. ಕೋಗಿಲು ಕ್ರಾಸಿನಿಂದ ಬಳ್ಳಾರಿ ರಸ್ತೆ ಹಿಡಿದು ಹೆಬ್ಬಾಳ ದಾಟಿದರೆ ಮೇಖ್ರಿ ವೃತ್ತ, ಅಲ್ಲೇ ಹತ್ತಿರ ರಾಮನ್ ಸಂಶೋಧನಾ ಸಂಸ್ಥೆ. ಎರಡು ಹಂತದಲ್ಲಿ ಕರಗುವ ವಸ್ತುವನ್ನು ಆಸ್ಟ್ರಿಯಾದ ವಿಜ್ಞಾನಿ ರೈನಿಟ್ಜರ್ 1888ರಲ್ಲೇ ಕಂಡಿದ್ದ. ಮುಂದೆ ಇಂಥ, ನಡುವಿನ ಹಂತದಲ್ಲಿ ದ್ರವದಂತಿದ್ದೂ ಅಣುಗಳ ಸಾಲು ಪೂರ್ತಿ ಕೆಡದ ದ್ರವಸ್ಫಟಿಕಗಳಾಗಲು ಅಣು ಉದ್ದವಾಗಿರಬೇಕು ಎಂಬ ನಂಬಿಕೆ ಬೇರೂರಿತು. 1977ರಲ್ಲಿ ಈ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಬಿಲ್ಲೆಯಾಕಾರದ ಅಣುಗಳಲ್ಲೂ ಅದು ಆಗುತ್ತದೆಂದು ತೋರಿಸಿ ‘ಪ್ರಮಾಣ’ ಪತ್ರಿಕೆಯಲ್ಲಿ ಪ್ರಕಟಿಸಿದರು. ನಡುವೆ ಬೆಂಜೀನ್ ಉಂಗುರ, ಸುತ್ತ ಆರು ಸರಪಳಿಗಳು. ಸುಮಾರು 80 ಡಿಗ್ರಿಗೆ ಸರಪಳಿಗಳು ಸಡಿಲಗೊಳ್ಳುತ್ತವೆ, ಬಿಲ್ಲೆಗಳು ಮಾತ್ರ ಒಂದರ ಮೇಲೊಂದು ಕಂಬವಾಗಿ ನಿಂತೇ ಇರುತ್ತವೆ. ಇನ್ನು ಕೆಲವೇ ಡಿಗ್ರಿ ಏರಿದರೆ ಕಂಬಗಳೂ ಚದುರುತ್ತವೆ. ಕಂಪ್ಯೂಟರಿನ ಎಲ್‌ಸಿಡಿ ಪರದೆ ಓರೆಯಿಂದ ನೋಡಿದಾಗಲೂ ಮಂಕಾಗದಿರಲೆಂದು ಅಂಟಿಸುವ ತೆಳು ಪೊರೆಯಲ್ಲಿ ಮುಂದೆ ಬಳಕೆಗೆ ಬಂದದ್ದು ಇಂಥ ಬಿಲ್ಲೆ ಅಣುಗಳೇ.