ನಿಮಗೇನು, ಮಕ್ಕಳಾ ಮರಿಯಾ?

ಯಲಹಂಕದಿಂದ ಯಶವಂತಪುರದ ಶಾಲೆಗೆ ಬಸ್ಸಿನಲ್ಲಿ ಓಡಾಡುತ್ತ ಇಪ್ಪತ್ತಾರು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ನಾನು ಹೆಚ್ಚು ಸಲ ಕೇಳಿದ ಮಾತು, "ನಿಮಗೇನು ಮೇಡಂ, ಮಕ್ಕಳಾ ಮರಿಯಾ?"

ಆ ಮಾತಿನ ಹಿಂದೆಯೇ ಒಂದು ಕೆಲಸ ಬರುತ್ತದೆ. ಶನಿವಾರ ಮಧ್ಯಾಹ್ನದ ವಿಶೇಷ ತರಗತಿ, ಬೇಸಿಗೆ ರಜೆಯ ದಾಖಲಾತಿ, ವಾರ್ಷಿಕೋತ್ಸವದ ರಾತ್ರಿ ಕೊನೆಯ ಮಗುವಿನ ಮನೆಯವರು ಬರುವ ತನಕ ಗೇಟಿನ ಬಳಿ ಕಾಯುವುದು. ಮಕ್ಕಳು ಬೇಡವೆಂದು ನಾನೂ ನಮ್ಮ ಯಜಮಾನರೂ ಕೂತು ಮಾತಾಡಿಯೇ ತೀರ್ಮಾನಿಸಿದ್ದು. ಹಾಗೆಂದು ಹೇಳಿದರೆ ಸ್ವಾರ್ಥಿ; ಹೇಳದಿದ್ದರೆ 'ಪಾಪ'. ಡ್ಯೂಟಿ ಮಾತ್ರ ಎರಡರಲ್ಲೂ ತಪ್ಪದು.

ಒಮ್ಮೆ ಅಮ್ಮನಿಗೆ ಆಪರೇಷನ್ ಇತ್ತು. ರಜೆ ಕೇಳಿದೆ. ಅದೇ ದಿನ ಸಹೋದ್ಯೋಗಿಯೊಬ್ಬರ ಮಗನ ಸ್ಕೂಲ್ ಡೇ. ರಜೆ ಅವರಿಗೆ ಸಿಕ್ಕಿತು. "ಮಗು ಎದುರು ನೋಡ್ತಿರತ್ತೆ, ನೀವು ಅಡ್ಜಸ್ಟ್ ಮಾಡ್ಕೊಳ್ಳಿ" ಎಂದರು ಮುಖ್ಯೋಪಾಧ್ಯಾಯಿನಿ. ಸಂಜೆ ನಾನು ಹೋಗುವಷ್ಟರಲ್ಲಿ ಅಮ್ಮನನ್ನು ವಾರ್ಡಿಗೆ ತಂದಿದ್ದರು. "ಬಂದ್ಯಾ?" ಎಂದಳು, ಅಷ್ಟೆ. ಅವಳೂ ಎದುರು ನೋಡಿದ್ದಳಲ್ಲವೆ?

ತಾಯಂದಿರ ಸವಲತ್ತಿನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು, ಮೊದಲ ಎರಡು ಹೆರಿಗೆಗೆ 12 ವಾರಗಳ ರಜೆಯನ್ನು 26ಕ್ಕೆ ಏರಿಸಿದರು. ಒಳ್ಳೆಯದೇ ಆಯಿತು. ಆದರೆ ಆ ಜಾಗಕ್ಕೆ ಬದಲಿ ಟೀಚರನ್ನು ತರಬೇಕಾದವರು ಆಡಳಿತದವರು. ಆ ಸಂಬಳ ಉಳಿಸಿ, ಪಿರಿಯಡ್ಡುಗಳನ್ನೆಲ್ಲ ನನ್ನ ಟೈಂಟೇಬಲ್ಲಿಗೆ ತುಂಬಿ, ತಾವು ಕರುಣಾಳುಗಳೆನಿಸಿಕೊಳ್ಳುವುದು ಯಾವ ನ್ಯಾಯ? ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ಕೊಡಗಿನ ಸಿ.ಬಿ. ಮುತ್ತಮ್ಮನವರು ನೆನಪಾಗುತ್ತಾರೆ. 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಮದುವೆಗೆ ಸರ್ಕಾರದ ಅನುಮತಿ ಬೇಕು, ಸಂಸಾರ ಕೆಲಸಕ್ಕೆ ಅಡ್ಡಿಯೆನಿಸಿದರೆ ರಾಜೀನಾಮೆ ಕೇಳಬಹುದು ಎಂಬ ನಿಯಮ ಆಗ ಹೆಂಗಸರಿಗೆ ಮಾತ್ರ ಇತ್ತು. ಮುತ್ತಮ್ಮನವರು ಮದುವೆಯಾಗಲೇ ಇಲ್ಲ. ಆದರೂ ಬಡ್ತಿ ತಡೆಹಿಡಿದರು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಸಂಸಾರವಿದ್ದರೆ ಹೆಂಗಸು ಕೆಲಸಕ್ಕೆ ಬಾರಳು, ಇಲ್ಲದಿದ್ದರೆ ಅವಳ ಹೊತ್ತಿಗೆ ಬೆಲೆಯಿಲ್ಲ. ಎರಡೂ ಹೆಣ್ಣನ್ನು ಒಡಲಿನಿಂದ ಅಳೆಯುವ ಒಂದೇ ಲೆಕ್ಕ.

2025ರಲ್ಲಿ ತೀರಿಕೊಂಡ ಸಾಲುಮರದ ತಿಮ್ಮಕ್ಕ, ಮಕ್ಕಳಿಲ್ಲದ ಕೊರಗಿನಲ್ಲಿ 385 ಆಲದ ಮರ ಬೆಳೆಸಿದರೆಂದು ನಾನೇ ಹೆಮ್ಮೆಯಿಂದ ಪಾಠ ಮಾಡಿದ್ದೇನೆ. ಆದರೆ ಒಂದು ಮರವನ್ನೂ ನೆಡದ ಸಾಮಾನ್ಯ ಹೆಂಗಸಿಗೆ, ಬೆಲ್ ಹೊಡೆದ ಮೇಲೆ ಮನೆಗೆ ಹೋಗುವ ಹಕ್ಕಿಲ್ಲವೆ?

ಮೊನ್ನೆ ಹೆರಿಗೆ ರಜೆ ಮುಗಿಸಿ ಬಂದ ಹುಡುಗಿಯೊಬ್ಬಳು, "ಅಕ್ಕಾ, ನನ್ನ ಹೊರೆಯೆಲ್ಲ ನಿಮ್ಮ ಮೇಲೆ ಬಿತ್ತು" ಎಂದು ಕಣ್ಣು ತುಂಬಿಕೊಂಡಳು. "ಹಾಕಿದ್ದು ನೀನಲ್ಲವಲ್ಲ" ಎಂದೆ. ಇನ್ನು ಮುಂದೆ ಯಾರ ರಜೆಗಾದರೂ ಬದಲಿ ಟೀಚರ್ ಬೇಕೆಂದು ಇಬ್ಬರೂ ಕೂತು ಅರ್ಜಿ ಬರೆದೆವು. ಮೊದಲ ಸಹಿ ಅವಳೇ ಹಾಕಿದಳು.