ಎಣಿಕೆಯ ಯಂತ್ರವೂ ಕಾಯಕದ ಅರಿವೂ

ಕೈಯಿಂದ ಮಾಡಿದ ಕೆಲಸವೊಂದೇ ಕಾಯಕವೆನಿಸುವುದೋ, ಯಂತ್ರದಿಂದ ಮಾಡಿಸಿದ ಕೆಲಸಕ್ಕೂ ಆ ಹೆಸರು ಸಲ್ಲುವುದೋ ಎಂಬ ಪ್ರಶ್ನೆಯು ಇಂದು ನಿನ್ನೆಯದಲ್ಲ. ಮಗ್ಗ, ಗಾಣ, ತಿಗರಿಗಳೆಲ್ಲವೂ ತಮ್ಮ ತಮ್ಮ ಕಾಲದ ಯಂತ್ರಗಳೇ ಆಗಿದ್ದವು. ಶರಣರಲ್ಲಿ ನೇಕಾರರಿದ್ದರು, ಗಾಣಿಗರಿದ್ದರು, ಕುಂಬಾರರಿದ್ದರು. ಉಪಕರಣವನ್ನು ತೊರೆದು ಬರಿಗೈಯಲ್ಲಿ ದುಡಿಯಬೇಕೆಂದು ಅವರು ಬೋಧಿಸಲಿಲ್ಲ. ಆದರೆ ಮನುಷ್ಯನು ಎದ್ದು ಹೋದೊಡನೆ ಆ ಉಪಕರಣಗಳ ಕೆಲಸವೂ ನಿಲ್ಲುತ್ತಿತ್ತು. ಇಂದಿನ ಯಂತ್ರವು ಅವನು ಎದ್ದು ಹೋದ ಮೇಲೂ ನಡೆಯುತ್ತದೆ. ಹಳೆಯ ಪ್ರಶ್ನೆಯು ಹೊಸ ರೂಪ ತಾಳಿರುವುದು ಇಲ್ಲಿಯೇ.

ಕಾರಟಗಿಯು ಭತ್ತದ ನಾಡು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಬಳಿಕ ಈ ಸೀಮೆಯ ಒಣಭೂಮಿ ಹಸುರಾಯಿತು. ಗದ್ದೆಯ ಹಿಂದೆ ಅಕ್ಕಿಯ ಗಿರಣಿಗಳು ಬಂದವು. ಗಿರಣಿಯ ಹಿಂದೆ ಕಮ್ಮಾರನೂ ಬಡಗಿಯೂ ಯಂತ್ರ ರಿಪೇರಿಯವನೂ ಬಂದರು. ಇಂತಹ ಊರಿನಲ್ಲಿ ಬಾಗಿಲು ಚೌಕಟ್ಟುಗಳ ಮೇಲೆ ಹೂಬಳ್ಳಿಯನ್ನೂ ನಂದಿಯನ್ನೂ ಕೆತ್ತಿ ಜೀವಿಸುವ ಒಬ್ಬ ಬಡಗಿಯನ್ನು ಊಹಿಸಿಕೊಳ್ಳಬಹುದು. ಇಪ್ಪತ್ತು ವರ್ಷಗಳಿಂದ ಅವನೊಡನೆ ಉಳಿ ಹಿಡಿದ ಒಬ್ಬ ಸಹಾಯಕನಿದ್ದಾನೆ. ಐ.ಟಿ.ಐ. ಕಲಿತ ಮಗನು ಕೆತ್ತನೆಯ ಸಿ.ಎನ್.ಸಿ. ಯಂತ್ರವೊಂದನ್ನು ತಾನೇ ಜೋಡಿಸಿ, ಅಂಗೈಯಗಲದ ಗಣಕದಿಂದ ಅದನ್ನು ನಡೆಸತೊಡಗುತ್ತಾನೆ. ನಾಲ್ಕು ದಿನದ ಕೆತ್ತನೆಯು ಒಂದೇ ದಿನದಲ್ಲಿ ಮುಗಿಯುತ್ತದೆ. ಇದು ಲಾಭವೆಂಬುದರಲ್ಲಿ ಸಂಶಯವಿಲ್ಲ. ಯಾರಿಗೆ ಲಾಭ ಎಂಬುದೇ ವಿಚಾರಾರ್ಹವಾದುದು.

ಮೊದಲು ಯಂತ್ರದ ಸ್ವಭಾವವನ್ನು ಅರಿಯಬೇಕು. ಅರಿಯದೆ ಹೊಗಳುವುದೂ ತೆಗಳುವುದೂ ಸಮನಾದ ದೋಷ. ಅಂಕಿಗಳ ಆಜ್ಞೆಯಿಂದ ಲೋಹವನ್ನು ಕೊರೆಯುವ ಯಂತ್ರವು 1952ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಪ್ರದರ್ಶಿತವಾಯಿತು. ಆಗ ಆಜ್ಞೆಗಳನ್ನು ರಂಧ್ರಗಳುಳ್ಳ ಪಟ್ಟಿಯ ಮೇಲೆ ಬರೆಯುತ್ತಿದ್ದರು. ನಿಯಂತ್ರಣದ ಪೆಟ್ಟಿಗೆಯು ಯಂತ್ರಕ್ಕಿಂತಲೂ ದೊಡ್ಡದಾಗಿತ್ತು. ಮರುವರ್ಷವೇ ಬೆಂಗಳೂರಿನಲ್ಲಿ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಕಾರ್ಖಾನೆಯು ಸ್ಥಾಪಿತವಾಗಿ, ಯಂತ್ರ ಮಾಡುವ ಯಂತ್ರಗಳು ನಮ್ಮ ನಾಡಿನಲ್ಲಿಯೇ ಹುಟ್ಟುವಂತಾಯಿತು. ಆದರೂ ಅಂಕಿಯಿಂದ ನಡೆಯುವ ಯಂತ್ರವು ಬಹುಕಾಲ ದೊಡ್ಡ ಕಾರ್ಖಾನೆಗಳ ಸ್ವತ್ತಾಗಿಯೇ ಉಳಿಯಿತು. ಅದನ್ನು ಬಡಗಿಯ ಅಂಗಳಕ್ಕೆ ತಂದವು ಒಂದೇ ಫಲಕದ ಮೇಲೆ ಅಡಕವಾದ ಸಣ್ಣ ಗಣಕಗಳು. 2012ರಲ್ಲಿ ಇಂಗ್ಲೆಂಡಿನಿಂದ ಬಂದ ರಾಸ್‌ಬೆರಿ ಪೈ ಅವುಗಳಲ್ಲಿ ಪ್ರಸಿದ್ಧವಾದುದು. ಅದರ ಬೆಲೆ 35 ಡಾಲರು ಮಾತ್ರವಿದ್ದಿತು.

ಯಂತ್ರದ ಅಕ್ಷವನ್ನು ತಿರುಗಿಸುವ ಸ್ಟೆಪ್ಪರ್ ಮೋಟಾರು ಸಾಮಾನ್ಯವಾಗಿ ಒಂದು ಸುತ್ತಿಗೆ 200 ಹೆಜ್ಜೆಗಳನ್ನು ಇಡುತ್ತದೆ. ಒಂದು ಸುತ್ತಿಗೆ 5 ಮಿಲಿಮೀಟರ್ ಸರಿಸುವ ತಿರುಪನ್ನು ಅದಕ್ಕೆ ಜೋಡಿಸಿದರೆ, ಒಂದು ಹೆಜ್ಜೆಯೆಂದರೆ ಒಂದು ಮಿಲಿಮೀಟರಿನ ನಲವತ್ತನೆಯ ಒಂದು ಪಾಲು. ಬೈರಿಗೆಯು ನಿಮಿಷಕ್ಕೆ 2400 ಮಿಲಿಮೀಟರ್ ಚಲಿಸಬೇಕಾದರೆ ಸೆಕೆಂಡಿಗೆ 1600 ಹೆಜ್ಜೆಗಳ ಸಂಕೇತವು ತಾಳ ತಪ್ಪದೆ ಹೋಗಬೇಕು. ಇಲ್ಲಿ ಒಂದು ಸೋಜಿಗವುಂಟು. ರಾಸ್‌ಬೆರಿ ಪೈಯಂತಹ ಗಣಕವು ಬಹು ಸಮರ್ಥವಾದುದು: ಚಿತ್ರ ತೋರಿಸುತ್ತದೆ, ಕಡತ ಕಾಯುತ್ತದೆ, ಹೊರಗಿನ ಸುದ್ದಿಗೆ ಕಿವಿಗೊಡುತ್ತದೆ. ಹತ್ತು ಕೆಲಸಗಳ ನಡುವೆ ಒಂದು ಸಂಕೇತವು ತುಸು ತಡವಾಯಿತೆಂದರೆ ಮೋಟಾರು ಮುಗ್ಗರಿಸುತ್ತದೆ. ಆದುದರಿಂದ ಬಲ್ಲವರು ಹೆಜ್ಜೆಯೆಣಿಸುವ ಭಾರವನ್ನು ಅದಕ್ಕಿಂತ ಎಷ್ಟೋ ಕಿರಿದಾದ ಇನ್ನೊಂದು ಚಿಪ್ಪಿಗೆ ಒಪ್ಪಿಸುತ್ತಾರೆ. ಗ್ರಬ್ಲ್ ಎಂಬ ಕ್ರಮವಿಧಿಯು ನಡೆಯುವ ಆರ್ಡುಯಿನೋ ಫಲಕಕ್ಕೆ ಇರುವ ಚರ ಸ್ಮೃತಿಯು ಕೇವಲ 2 ಕಿಲೋಬೈಟು. ಒಂದು ಪುಟ ಕನ್ನಡ ಬರಹವೂ ಅದರಲ್ಲಿ ಹಿಡಿಸದು. ಆದರೂ ಸೆಕೆಂಡಿಗೆ ಮೂವತ್ತು ಸಾವಿರದವರೆಗೆ ಹೆಜ್ಜೆಗಳನ್ನು ತಾಳಬದ್ಧವಾಗಿ ಎಣಿಸಿ ಕೊಡಬಲ್ಲುದು. ಬೇರಾವ ಕೆಲಸವೂ ಅದಕ್ಕಿಲ್ಲ.

ಇದನ್ನು ಕಂಡು ನಿಷ್ಠೆಯ ಆದರ್ಶವೇ ಇದೆಂದು ಕೊಂಡಾಡುವವರು ಉಂಟು. ಅದು ಅವಸರದ ಮಾತು. ಬೈರಿಗೆಯು ಮರದ ಗಂಟಿಗೆ ತಗುಲಿ ಮೋಟಾರು ಹತ್ತು ಹೆಜ್ಜೆ ತಪ್ಪಿತೆನ್ನಿರಿ. ಆಜ್ಞೆ ಕೊಟ್ಟ ಚಿಪ್ಪಿಗೆ ಅದು ತಿಳಿಯದು. ಅದು ಕಳುಹಿಸಿದ ಎಣಿಕೆ ಸರಿಯಾಗಿದೆ. ಬೈರಿಗೆ ನಿಂತ ಸ್ಥಳ ಮಾತ್ರ ಕಾಲು ಮಿಲಿಮೀಟರ್ ಆಚೆಗಿದೆ. ಅಲ್ಲಿಂದ ಮುಂದಿನ ಬಳ್ಳಿಯೆಲ್ಲ ಸೊಟ್ಟಗಾದರೂ ಯಂತ್ರವು ಲೆಕ್ಕ ತಪ್ಪದೆ ಕೆತ್ತುತ್ತಲೇ ಹೋಗುತ್ತದೆ. ಲೆಕ್ಕ ತಪ್ಪದ ಪೂಜೆ, ಎಣಿಕೆ ತಪ್ಪದ ಜಪಗಳನ್ನು ಮಾಡಿಯೂ ನಿಂತ ನೆಲವನ್ನೇ ಮರೆತವರು ಮನುಷ್ಯರಲ್ಲಿಯೂ ವಿರಳರಲ್ಲ. ದುಬಾರಿಯ ಯಂತ್ರಗಳಲ್ಲಿ ಅಕ್ಷವು ಎಲ್ಲಿದೆಯೆಂಬುದನ್ನು ಅಳೆದು ಹಿಂದಿರುಗಿ ತಿಳಿಸುವ ಎನ್‌ಕೋಡರ್ ಇರುತ್ತದೆ. ಸಣ್ಣ ಯಂತ್ರಗಳಲ್ಲಿ ಪ್ರತಿ ಕೆಲಸಕ್ಕೂ ಮೊದಲು ಅಕ್ಷಗಳನ್ನು ಮೂಲೆಯ ಸ್ಪರ್ಶಗುಂಡಿಗೆ ಮುಟ್ಟಿಸಿ ಶೂನ್ಯದಿಂದ ಎಣಿಕೆಯನ್ನು ಆರಂಭಿಸುವ ಪದ್ಧತಿಯಿದೆ. ಆದರೆ ನಡುವೆ ತಪ್ಪಿದುದನ್ನು ಕಾಣುವುದು ಪಕ್ಕದಲ್ಲಿ ನಿಂತ ಬಡಗಿಯ ಕಣ್ಣು, ಅದಕ್ಕಿಂತ ಮೊದಲು ಅವನ ಕಿವಿ: ಗಂಟಿಗೆ ತಗುಲಿದ ಬೈರಿಗೆಯ ದನಿಯೇ ಬೇರೆ. ಅರಿವು ಇರುವುದು ಅಲ್ಲಿ. ಇಪ್ಪತ್ತು ವರ್ಷ ಉಳಿ ಹಿಡಿದ ಸಹಾಯಕನು ಆ ದನಿಯನ್ನು ಐ.ಟಿ.ಐ. ಕಲಿತ ಮಗನಿಗಿಂತ ಮೊದಲು ಗುರುತಿಸುವನೆಂಬುದನ್ನು ಮನೆಯೊಡೆಯನು ಮರೆಯಬಾರದು.

ಈ ಯಂತ್ರವನ್ನು ನಡೆಸುವ ಕ್ರಮವಿಧಿಗಳ ವಿಷಯವೂ ಗಮನಾರ್ಹ. ಗ್ರಬ್ಲ್ ಆಗಲಿ, ಲಿನಕ್ಸ್ ಸಿ.ಎನ್.ಸಿ. ಆಗಲಿ, ಹಣ ಕೊಟ್ಟು ಕೊಳ್ಳತಕ್ಕವಲ್ಲ. ದೇಶದೇಶಗಳ ಜನರು ಬರೆದು, ತಿದ್ದಿ, ಎಲ್ಲರ ಮುಂದಿಟ್ಟಿದ್ದಾರೆ. ಅದಕ್ಕೆ ಒಂದು ಕಟ್ಟಳೆಯುಂಟು: ಅದನ್ನು ತಿದ್ದಿ ಇತರರಿಗೆ ಹಂಚುವವನು ತಾನು ತಿದ್ದಿದ ಮೂಲಪಾಠವನ್ನೂ ಅದೇ ಷರತ್ತಿನ ಮೇಲೆ ಅವರಿಗೆ ಕೊಡಬೇಕು. ಪಡೆದುದನ್ನು ಬಚ್ಚಿಡಲಾಗದ ಈ ಏರ್ಪಾಡನ್ನು ದಾಸೋಹವೆಂದು ಕರೆಯುವುದು ಅತಿಯಾದೀತು; ದಾಸೋಹದಲ್ಲಿ ಕೊಡುವವನು ಕಾನೂನಿನ ಭಯದಿಂದ ಕೊಡುವುದಿಲ್ಲ. ಆದರೂ ಬಿಟ್ಟಿಯಾಗಿ ಪಡೆದ ವಿದ್ಯೆಯನ್ನು ಪಕ್ಕದ ಅಂಗಡಿಯವನು ಕೇಳಿದಾಗ ಗುಟ್ಟೆಂದು ಮುಚ್ಚಿಡುವ ಗೃಹಸ್ಥನು, ಮುಖವನ್ನೇ ಕಾಣದ ಪರದೇಶಿಯರ ಔದಾರ್ಯದ ಮುಂದೆ ನಾಚಬೇಕಾಗುತ್ತದೆ.

ಇನ್ನು ಉಳಿದ ಮೂರು ದಿನಗಳ ಮಾತು. ಈ ಸೀಮೆಗೆ ಸಮೀಪದ ಲಿಂಗಸುಗೂರು ತಾಲೂಕಿನ ಅಮರೇಶ್ವರದವರೆಂದು ಪ್ರತೀತಿಯಿರುವ ಆಯ್ದಕ್ಕಿ ಮಾರಯ್ಯನ ಕಥೆಯನ್ನು ಭಕ್ತರೆಲ್ಲರೂ ಬಲ್ಲರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನಾಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದುಬರಲು ಕಳುಹಿದಳು. ಅಕ್ಕಿಯ ಗಿರಣಿಗಳ ಊರಿನಲ್ಲಿ ನಿಂತು ಈ ಕಥೆಯನ್ನು ಹೇಳುವುದು ಸುಲಭವಲ್ಲ. ಹೆಚ್ಚು ಗಳಿಸಬಾರದೆಂದು ಇಂದಿನ ಸಂಸಾರಿಗೆ ಯಾರೂ ವಿಧಿಸಲಾರರು. ಯಂತ್ರಕ್ಕೆ ಮಾಡಿದ ಸಾಲವಿದೆ, ಮಗಳ ಓದಿದೆ. ಆದರೆ ಲಕ್ಕಮ್ಮನು ಕೇಳಿದುದು ಎಷ್ಟು ತಂದೆಯೆಂದಲ್ಲ, ಯಾವುದು ನಮ್ಮದಲ್ಲವೆಂದು. ಬಡಗಿಯ ಮನೆಯಲ್ಲಿ ಉಳಿದ ಮೂರು ದಿನಗಳಲ್ಲಿ ಒಂದಂಶವಾದರೂ ಸಹಾಯಕನದು. ಮರ ಆಯುವುದು, ಗಂಟು ನೋಡುವುದು, ಯಂತ್ರ ಬಿಟ್ಟ ಮೂಲೆಗಳನ್ನು ತೀಡುವುದು ಅವನಿಂದಲೇ ಆಗಬೇಕಾದುದು. ಆ ಕೆಲಸವನ್ನು ಕೊಟ್ಟು ಕೂಲಿಯನ್ನು ಉಳಿಸಿದರೆ ಕೆತ್ತನೆಯೂ ಮೇಲಾದೀತು. ಅವನನ್ನು ಮನೆಗೆ ಕಳುಹಿಸಿ ಅವನ ಕೂಲಿಯನ್ನೇ ಲಾಭವೆಂದು ಬರೆದುಕೊಂಡರೆ, ಹಿಂದಕ್ಕೆ ಸುರಿಯಬೇಕಾದ ಅಕ್ಕಿಯನ್ನು ಮನೆಯಲ್ಲಿಯೇ ಇಟ್ಟುಕೊಂಡಂತೆ.

ಇದೇ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಹಗುರವಾದ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಕೂಡಿಸಿ, ಬಣ್ಣವಿಟ್ಟು ಗೊಂಬೆಗಳನ್ನು ಮಾಡುವ ಚಿತ್ರಗಾರರ ಮನೆತನಗಳಿವೆ. ಆ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಯಂತ್ರದ ಕೆತ್ತನೆಯನ್ನು ಯಂತ್ರದ್ದೆಂದೇ ಹೇಳಿ ಮಾರಿದರೆ ದೋಷವಿಲ್ಲ. ಕೈಗೆಲಸವೆಂದು ಹೇಳಿ ಅದರ ಬೆಲೆಯನ್ನು ಪಡೆದರೆ, ಕಳವಾದುದು ಕೊಂಡವನ ಹಣ ಮಾತ್ರವಲ್ಲ.

ಯಂತ್ರವನ್ನು ಜೋಡಿಸಿದವರಿಗೆ ಇದೆಲ್ಲ ತಿಳಿಯದೆಯೂ ಇಲ್ಲ. ಅಪಾಯದಲ್ಲಿ ಒತ್ತಬೇಕಾದ ಕೆಂಪು ಗುಂಡಿಯನ್ನು ಅವರು ಗಣಕದ ಕ್ರಮವಿಧಿಯೊಂದಕ್ಕೇ ಒಪ್ಪಿಸಿ ಸುಮ್ಮನಾಗುವುದಿಲ್ಲ. ಅದರ ತಂತಿಯು ನೇರವಾಗಿ ಮೋಟಾರುಗಳ ವಿದ್ಯುತ್ತನ್ನೇ ಕಡಿಯುವಂತೆ ಜೋಡಿಸುತ್ತಾರೆ. ಗಣಕವು ದಿಗ್ಭ್ರಮೆಗೊಂಡರೂ ಆ ಗುಂಡಿ ಕೆಲಸ ಮಾಡಬೇಕು. ಅದನ್ನು ಒತ್ತುವುದಕ್ಕೆ ಒಬ್ಬನು ಅಲ್ಲಿ ನಿಂತಿರಬೇಕು, ಮತ್ತು ಅವನು ನೋಡುತ್ತಿರಬೇಕು.